ಹಲಗೆ ಆಮೇಲೆ, ಮೊದಲು ನೀರು ನೋಡು

ಪುಟ್ಟಿ, ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ ಫೋಟೋ ಈಗ ನೋಡಿದೆ. ಮಲ್ಲೇಶ್ವರದ ಮನೆ ಸೂರಲ್ಲಿ ಮಳೆನೀರು ಹಿಡಿಯೋ ತಗಡಿನ ದೋಣಿ ಸೋರಿ, ಹಿಂದಿನ ಹಲಗೆ ಕಪ್ಪಾಗಿದೆ. ಆಚಾರ್ರು ಬಂದು "ಹಲಗೆ ಪೂರ್ತಿ ಕಿತ್ತು ಹೊಸದು ಹೊಡೆದುಬಿಡೋಣ, ಎರಡು ದಿನದ ಕೆಲಸ" ಅಂದರಂತೆ. ಒಪ್ಪಲಾ ಅಂತ ಕೇಳಿದೀಯ. ಈಗಲೇ ಒಪ್ಪಬೇಡಮ್ಮ.

ಬಸವನಗುಡಿ ಮನೆಯಲ್ಲಿ ನಾನು ಹಾಗೇ ಒಪ್ಪಿ ಕೆಟ್ಟೆ. ಒಳ್ಳೆ ಹೊನ್ನೆ ಹಲಗೆ ತಂದು ಹೊಡೆಸಿದೆ. ಎರಡು ಮಳೆಗಾಲ ಕಳೆಯೋದರೊಳಗೆ ಅದೇ ಜಾಗದಲ್ಲಿ ಮತ್ತೆ ಕಪ್ಪು. ನಿಮ್ಮತ್ತೆ ಇವತ್ತಿಗೂ ಆಡಿಕೊಳ್ಳುತ್ತಾಳೆ. ತಪ್ಪು ಹಲಗೆಯದಲ್ಲ, ನೀರಿನದು.

ನಮ್ಮಲ್ಲಿ ಎರಡು ಕಡೆ ಎಡವಟ್ಟಾಗಿತ್ತು. ಒಂದು, ಕೊನೆ ಸಾಲಿನ ಮಂಗಳೂರು ಹೆಂಚು ದೋಣಿಯೊಳಕ್ಕೆ ಸರಿಯಾಗಿ ಚಾಚಿರಲಿಲ್ಲ. ಅಂಚಿಲ್ಲದ ಲೋಟದಿಂದ ಕಾಫಿ ಬಗ್ಗಿಸಿದರೆ ಲೋಟದ ಹೊರಮೈ ಹಿಡಿದು ಇಳಿಯುತ್ತೆ, ಅಲ್ವಾ? ಹಾಗೇ ನೀರು ಹೆಂಚಿನ ತುದಿ ಹಿಡಿದು ಒಳಕ್ಕೆ ತಿರುಗಿ, ಸೀದಾ ಹಲಗೆ ಮೇಲೆ ಇಳಿಯುತ್ತಿತ್ತು. ಹೆಂಚಿನ ಕೆಳಗಿನಿಂದ ಒಂದು ತಗಡಿನ ಪಟ್ಟಿ ತೂರಿಸಿ ದೋಣಿಯೊಳಕ್ಕೆ ಬಗ್ಗಿಸಿದ ಮೇಲೆ ಅದು ನಿಂತಿತು.

ಇನ್ನೊಂದು ಕೆಳಗಡೆ ಇತ್ತು. ನಮ್ಮದು 60-40 ಸೈಟು. 2009ರಲ್ಲಿ ಜಲಮಂಡಳಿ ಅಷ್ಟು ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದಾಗ ದೋಣಿ ಪೈಪನ್ನು ಫಿಲ್ಟರಿಗೆ ಸೇರಿಸಿದ್ದೆವು. ಆಮೇಲೆ ಆ ಫಿಲ್ಟರ್ ಕಡೆ ಯಾರೂ ತಿರುಗಿ ನೋಡಲಿಲ್ಲ. ಬೀದಿಯ ಮಳೆಮರದ ಎಲೆ ಚೂರುಗಳು ತುಂಬಿ ಗಟ್ಟಿಯಾಗಿದ್ದವು. ಜೋರು ಮಳೆಗೆ ಪೈಪಲ್ಲಿ ನೀರು ಇಳಿಯದೆ ದೋಣಿ ತುಂಬಿ, ಹಿಂದಿನ ಅಂಚಿಂದ ಉಕ್ಕುತ್ತಿತ್ತು. ಮುಂದಕ್ಕೆ ಉಕ್ಕಿದ್ದರೆ ಅಂಗಳಕ್ಕೆ ಬೀಳೋದು, ಕಣ್ಣಿಗಾದರೂ ಕಾಣೋದು.

ನೀನೇನು ಮಳೆಗೆ ಕಾಯಬೇಕಿಲ್ಲ. ಬಿಸಿಲಿರುವಾಗ ಕೆಳಗಿಂದಲೇ ಪೈಪಲ್ಲಿ ಹೆಂಚಿನ ಮೇಲೆ ನೀರು ಬಿಡಿಸು. ಎಲ್ಲಿ ಇಳಿಯುತ್ತೆ ಅಂತ ಮೊಬೈಲಲ್ಲಿ ವಿಡಿಯೋ ಮಾಡಿಕೋ. ಏಣಿ ಮಾತ್ರ ಹತ್ತಬೇಡ.

ಇನ್ನು ಮರ ಎಷ್ಟು ಹೋಗಿದೆ ಅನ್ನೋದು. ಬಣ್ಣ ನೋಡಿ ಮೋಸಹೋಗಬೇಡ. ನಮ್ಮ ಹಲಗೆ ಕಪ್ಪಾಗದ ಕಡೆ ಹೊರಗಿಂದ ಚೆನ್ನಾಗೇ ಇತ್ತು. ಸ್ಕ್ರೂಡ್ರೈವರ್ ಒತ್ತಿದೆ, ಕಾಫಿಯಲ್ಲಿ ಅದ್ದಿದ ರಸ್ಕಿಗೆ ಚುಚ್ಚಿದ ಹಾಗೆ ಹಿಡಿವರೆಗೂ ಹೋಯಿತು. ಒಳಗೆಲ್ಲ ಕೊಳೆತು ಲಡ್ಡು. ಮೇಲಿದ್ದದ್ದು ಬರೀ ಪೇಂಟಿನ ಸಿಪ್ಪೆ. ಮಣ್ಣಿನ ದಾರಿ ಕಂಡರೆ ಗೆದ್ದಲು, ಅದರ ಮದ್ದೇ ಬೇರೆ.

ಹಲಗೆ ಬಿಚ್ಚಿದಾಗ ಜಂತೆಗಳ ತುದಿಯನ್ನೂ ಚುಚ್ಚಿ ನೋಡೋಕೆ ಹೇಳು. ಹಲಗೆ ನಿಂತಿರೋದೇ ಆ ತುದಿಗಳಿಗೆ ಹೊಡೆದ ಮೊಳೆ ಮೇಲೆ. ತುದಿ ಲಡ್ಡಾಗಿದ್ದರೆ ಗಟ್ಟಿ ಮರ ಸಿಗೋವರೆಗೂ ಕತ್ತರಿಸಿ, ಪಕ್ಕಕ್ಕೆ ಉದ್ದದ ಹೊಸ ತುಂಡು ಜೋಡಿಸಿ ಬೋಲ್ಟ್ ಹಾಕಬೇಕು. ಪುಟ್ಟಿ ಮೆತ್ತಿ ಮುಚ್ಚೋಕೆ ಬಿಡಬೇಡ. (ನಿನಗಲ್ಲಮ್ಮ ಹೇಳಿದ್ದು, ಪೇಂಟರ್ ಪುಟ್ಟಿ!)

ಹೊಸ ಹಲಗೆಗೆ ಹೊಡೆಯೋ ಮುಂಚೆಯೇ ಪ್ರೈಮರ್ ಆಗಬೇಕು. ಹಿಂಬದಿಗೂ, ಕೊಯ್ದ ತುದಿಗಳಿಗೂ. ಮರ ನೀರು ಕುಡಿಯೋದು ತುದಿಯಿಂದಲೇ ಜಾಸ್ತಿ. ಮೇಲೆ ಬಣ್ಣ ಹೊಡೆದು ಹಿಂದೆ ಸುಮ್ನೆ ಬಿಡೋದು ಎಲ್ಲರ ಅಭ್ಯಾಸ, ನಿಂತು ಮಾಡಿಸು. ದೋಣಿಯನ್ನು ಹಲಗೆಗೆ ಅಂಟಿಸದೆ ಅರ್ಧ ಇಂಚು ಸಂದಿ ಬಿಡಲಿ, ಗಾಳಿ ಆಡಲಿ. ದೋಣಿಯ ಇಳಿಜಾರು 10 ಅಡಿಗೆ ಅರ್ಧ ಇಂಚು ಇದ್ದರೆ ಸಾಕು.

ಆದರೆ ಇದೆಲ್ಲ ಈಗ ಬೇಡ. ನಮ್ಮೂರಲ್ಲಿ ಸೆಪ್ಟೆಂಬರ್, ಅಕ್ಟೋಬರಲ್ಲೇ ಮಳೆ ಜಾಸ್ತಿ. ಹಸಿ ಮರಕ್ಕೆ ಬಣ್ಣ ಬಳಿದರೆ ತೇವ ಒಳಗೇ ಉಳಿಯುತ್ತೆ. ಸಂಕ್ರಾಂತಿ ಕಳೆಯಲಿ. ಅಲ್ಲಿವರೆಗೆ ಕಪ್ಪಾದ ಕಡೆಯ ದೋಣಿ ತುಂಡನ್ನು ಬಿಚ್ಚಿಸಿಡು, ಅಂಗಳಕ್ಕೆ ಬೀಳಲಿ ನೀರು. ಲಡ್ಡು ಹಲಗೆಯಲ್ಲಿ ಮೊಳೆ ನಿಲ್ಲಲ್ಲ, ದೋಣಿ ಕಳಚಿ ಬಿದ್ದೀತು. ಮಗು ಅದರ ಕೆಳಗಿನ ಜಗಲಿ ಮೇಲೇ ಆಡುತ್ತೆ ಬೇರೆ.

ಭಾನುವಾರ ತಿಂಡಿ ಹೊತ್ತಿಗೆ ಬರ್ತೀನಿ. ಫಿಲ್ಟರ್ ಎಲ್ಲಿದೆ ಅಂತ ಹುಡುಕಿಟ್ಟಿರು, ಮೇಲೆ ಹೂಕುಂಡ ಇಟ್ಟಿರ್ತೀರ ನೀವು.