ತಮ್ಮ ಕೀಬೋರ್ಡ್ ನಂಬಿ ಕಾಲೇಜು ಬಿಡ್ತಾನಂತೆ, ಅನುಭವ ಇದ್ದವರು ಹೇಳಿ

ಬದಿಯಡ್ಕದ ಅಕ್ಕ: ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮದು ಸಂಗೀತದ ಮನೆ. ಅಜ್ಜ ಯಕ್ಷಗಾನದ ಭಾಗವತರು. ಅಪ್ಪ ಭಜನೆಗೆ, ಹರಿಕಥೆಗೆ ಹಾರ್ಮೋನಿಯಂ ನುಡಿಸುತ್ತಾರೆ. ಅಮ್ಮ ಮನೆಯಲ್ಲೇ ಸಂಗೀತ ಪಾಠ ಹೇಳುತ್ತಾರೆ. ತಮ್ಮ ಹಿಡಿದದ್ದು ಕೀಬೋರ್ಡ್. ಮಂಗಳೂರಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾನೆ. ಈಗ ಅದನ್ನು ಬಿಟ್ಟು ಪೂರ್ತಿ ಇದರಲ್ಲೇ ಇರುತ್ತೇನೆ ಅನ್ನುತ್ತಾನೆ. ಅಪ್ಪ ಅವನ ಹತ್ತಿರ ಮಾತಾಡುತ್ತಿಲ್ಲ. ಕೀಬೋರ್ಡಿಗೆ ಸಾಲ ಮಾಡಿ ಕೊಡುವುದಾ, ಡಿಗ್ರಿ ಮುಗಿಸು ಅನ್ನುವುದಾ? ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಕುಂಬಳೆಯವ: ಅಕ್ಕಾ, ನಾನು ಇದರಲ್ಲೇ ಉಣ್ಣುವವನು, ಹಾಗಾಗಿ ಬರೆಯುತ್ತೇನೆ. ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಸೆಕೆಂಡ್ ಹ್ಯಾಂಡ್ ರೋಲ್ಯಾಂಡ್ ಎಕ್ಸ್‌ಪಿಎಸ್ 30 ಕೀಬೋರ್ಡ್ ತೆಗೆದೆ, 48,000. ಖರ್ಚು ಅಲ್ಲಿಗೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ಸ್ಟ್ಯಾಂಡ್ 2,200. ಸ್ವರ ಎಳೆದು ಹಿಡಿಯಲು ಕಾಲಲ್ಲಿ ಒತ್ತುವ ಸಸ್ಟೇನ್ ಪೆಡಲ್ 1,400. ಗಟ್ಟಿ ಕೇಸ್ 6,500, ಅದಿಲ್ಲದೆ ಜೀಪಿನ ಹಿಂದೆ ಹಾಕಿದರೆ ಊರು ತಲುಪುವಾಗ ಎರಡು ಕೀ ಹೋಗಿರುತ್ತದೆ. ಗುಂಯ್ ಸದ್ದಿಲ್ಲದೆ ಕೀಬೋರ್ಡನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸ್ 1,800. ಒಂದು ಮದುವೆ ಹಾಲಿನಲ್ಲಿ ಕರೆಂಟ್ ಹೋಗಿ ಜನರೇಟರ್ ಹಾಕಿದರು. ವೋಲ್ಟೇಜ್ ಒಮ್ಮೆಲೇ ಏರಿ ಅಡಾಪ್ಟರ್ ಸುಟ್ಟಿತು, ಒಳಗಿನ ಬೋರ್ಡೂ ಹೋಯಿತು. ಕೋಝಿಕ್ಕೋಡಿಗೆ ಕೊಂಡುಹೋಗಿ ರಿಪೇರಿ ಮಾಡಿಸಿದ್ದು 9,500. ಆ ಹಾಲಿನವರು ಕೊಟ್ಟದ್ದು ಊಟ ಮಾತ್ರ.

ಮಳೆಗಾಲದ್ದು ಬೇರೆಯೇ ಕತೆ. ಕೀಗಳ ಅಡಿಯಲ್ಲಿ ರಬ್ಬರಿನ ಪಟ್ಟಿ ಇರುತ್ತದೆ, ಅದರಲ್ಲಿ ಕರಿ ಚುಕ್ಕೆಗಳು. ಒತ್ತಿದಾಗ ಅವು ಬೋರ್ಡಿಗೆ ತಾಗಿದರೇ ಸ್ವರ. ನಮ್ಮ ಕಡಲ ಗಾಳಿಗೆ, ತೇವಕ್ಕೆ ಅಲ್ಲಿ ಪೊರೆ ಕಟ್ಟುತ್ತದೆ. ಆಮೇಲೆ ಮೆಲ್ಲ ಒತ್ತಿದರೆ ಸದ್ದೇ ಇಲ್ಲ, ಇಲ್ಲವೇ ಕಿವಿಗೆ ಹೊಡೆದ ಹಾಗೆ ಜೋರು. ಪಟ್ಟಿ ಬದಲಿಸಲು 1,600, ಕೂಲಿ ಬೇರೆ. ತುಳುವರ ಆಟಿ ತಿಂಗಳಲ್ಲಿ ಮದುವೆ ಇಲ್ಲ. ರಂಜಾನ್ ತಿಂಗಳಲ್ಲಿ ಉಪ್ಪಳ, ಮೊಗ್ರಾಲ್ ಕಡೆ ಕಾರ್ಯಕ್ರಮ ಇಲ್ಲ. 2020ರಲ್ಲಿ ಕೊರೊನಾ ಬಂದು ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಕಾರ್ಯಕ್ರಮವೂ ಹೋಯಿತು, ಇಲ್ಲಿಯದೂ ಹೋಯಿತು. ಆದರೂ ಬಿಟ್ಟಿಲ್ಲ. ಒಂದೇ ರಾತ್ರಿ ಕನ್ನಡ, ತುಳು, ಹಿಂದಿ, ಮಲಯಾಳಂ, ಮಧ್ಯೆ ಮಲಬಾರಿನ ಮುಸ್ಲಿಮರ ಒಂದು ಮಾಪ್ಪಿಳಪ್ಪಾಟ್ಟು, ಎಲ್ಲವನ್ನೂ ಪುಸ್ತಕ ನೋಡದೆ ನುಡಿಸುವವರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ? ನಾನು ನುಡಿಸುತ್ತೇನೆ.

ನೀರ್ಚಾಲು ಮಾಷ್ಟ್ರು: ಭಾಗವತರ ಮನೆಯ ಹುಡುಗ ಕೀಬೋರ್ಡ್ ಹಿಡಿದ ಅಂದರೆ ನನಗೆ ಸಂಕಟ ಆಗುತ್ತದೆ. ತೋಡಿ ರಾಗದ ಗಾಂಧಾರ ಕೀಬೋರ್ಡಿನಲ್ಲಿ ಎಲ್ಲಿದೆ ತೋರಿಸಿ. ಆ ಗಾಂಧಾರ ಆಡಬೇಕು. ಕೀ ಒತ್ತಿದರೆ ಸ್ವರ ಮೊಳೆ ಹೊಡೆದ ಹಾಗೆ ನಿಲ್ಲುತ್ತದೆ. ನನ್ನ ಮಗನೂ ಇದೇ ಹಟ ಹಿಡಿದಿದ್ದ. ನಾನು ಒಪ್ಪಲಿಲ್ಲ, ಪಿಟೀಲು ಕೈಗೆ ಕೊಟ್ಟೆ. ಪಾಲಕ್ಕಾಡಿನ ಚೆಂಬೈ ಸ್ಮಾರಕ ಸಂಗೀತ ಕಾಲೇಜಿನಲ್ಲಿ ಓದಿಸಿದೆ. ರೂಮು ಬಾಡಿಗೆ, ಊಟ, ರೈಲು, ಪ್ರತಿ ತಿಂಗಳು ಅಡಿಕೆ ಮಾರಿದ ದುಡ್ಡು ಅಲ್ಲಿಗೇ ಹೋಯಿತು. ಒಂದು ವರ್ಷ ಕೊಳೆರೋಗ ಬಂದು ತೋಟದಲ್ಲಿ ಏನೂ ಇರಲಿಲ್ಲ, ಆಗಲೂ ಕಳಿಸಿದೆ. ಇವತ್ತು ಅವನು ಶಾಲೆಯಲ್ಲಿ ಸಂಗೀತದ ಮಾಷ್ಟ್ರು. ತಿಂಗಳ ಒಂದನೇ ತಾರೀಕಿಗೆ ಸಂಬಳ. ಜನರೇಟರಿಗೆ ಹೆದರಬೇಕಾಗಿಲ್ಲ.

ಕುಂಬಳೆಯವ: ಮಾಷ್ಟ್ರೇ, ಪಿಚ್ ಬೆಂಡ್ ಅಂತ ಒಂದು ಚಕ್ರ ಇದೆ, ನೋಡಿದ್ದೀರಾ? ಬಲಗೈ ಕೀ ಮೇಲೆ, ಎಡಗೈ ಚಕ್ರದ ಮೇಲೆ. ಹೆಚ್ಚಿನ ಕೀಬೋರ್ಡುಗಳಲ್ಲಿ ಅದು ಎರಡು ಸ್ವರಸ್ಥಾನ ಮೇಲೆ, ಎರಡು ಕೆಳಗೆ ಹೋಗುತ್ತದೆ, ಬೇಕಾದರೆ ಹೆಚ್ಚು ಕಡಿಮೆ ಮಾಡಬಹುದು. ರಿಷಭ ಒತ್ತಿ ಗಾಂಧಾರಕ್ಕೆ ಎಳೆದು ಆಡಿಸುವ ಅಭ್ಯಾಸಕ್ಕೆ ವರ್ಷಗಳು ಬೇಕು. ಚೆನ್ನೈಯಲ್ಲಿ ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತ ಕಛೇರಿ ಕೊಡುವವರಿದ್ದಾರೆ. ಹಾರ್ಮೋನಿಯಂಗೂ ಇದೇ ಮಾತು ಹೇಳಿದ್ದರು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗೆ ಹಾಕಿತು. 1971ರಲ್ಲಿ ಸ್ವಲ್ಪ ಬಾಗಿಲು ತೆರೆಯಿತು. ಅಷ್ಟು ವರ್ಷ ಮನೆಮನೆಯಲ್ಲಿ ಹಾರ್ಮೋನಿಯಂ ನುಡಿಸುವುದು ನಿಂತಿತ್ತಾ? ಅಕ್ಕನ ಅಪ್ಪ ನುಡಿಸುವುದೂ ಅದನ್ನೇ ಅಲ್ವಾ.

ನೀರ್ಚಾಲು ಮಾಷ್ಟ್ರು: ಚಕ್ರ ತಿರುಗಿಸಿದರೆ ಗಮಕ ಆಗುವುದಿಲ್ಲ. ಹಾರ್ಮೋನಿಯಂ ಬಗ್ಗೆಯೂ ನನ್ನ ಅಭಿಪ್ರಾಯ ಅದೇ. ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡಿ.

ಉಪ್ಪಳದಿಂದ ಬೆಂಗಳೂರಿಗೆ: ನಾನು ಇದನ್ನು ಬಿಟ್ಟು ಬ್ಯಾಂಕ್ ಕೆಲಸಕ್ಕೆ ಹೋದವನು. ಸಂಗೀತದ ಮನೆ ಅಂತ ಎಲ್ಲರೂ ಹೊಗಳುತ್ತಾರೆ. ಆ ಹೆಸರಿನಿಂದ ನನಗೆ ಸಿಕ್ಕಿದ್ದು ಬಿಟ್ಟಿ ಕೆಲಸ. "ಇಂಥವರ ಮಗ ಅಲ್ವಾ, ದುಡ್ಡು ಕೇಳುತ್ತಾನಾ?" ಜಾತ್ರೆಗೆ, ಶಾಲೆ ವಾರ್ಷಿಕೋತ್ಸವಕ್ಕೆ, ಅಪ್ಪನ ಗೆಳೆಯರ ಮಕ್ಕಳ ಮದುವೆಗೆ, ಎಲ್ಲಕ್ಕೂ ಶಾಲು ಮತ್ತು ಹಣ್ಣಿನ ಬುಟ್ಟಿ. ಕಪಾಟಿನಲ್ಲಿ ಶಾಲು ಇಡಲು ಜಾಗ ಇಲ್ಲ. ಅದೇ ಮದುವೆಯಲ್ಲಿ ಹೊರಗಿನಿಂದ ಬಂದ ಹುಡುಗನಿಗೆ 4,000 ಕವರಿನಲ್ಲಿ ಹಾಕಿ ಕೊಟ್ಟರು, ನಾನು ಪಕ್ಕದಲ್ಲೇ ಕೇಬಲ್ ಸುತ್ತುತ್ತಿದ್ದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತದ ಗ್ರೇಡ್ ಪರೀಕ್ಷೆಗಳಿಗೂ ಕೂತೆ. ಪ್ರತಿ ಗ್ರೇಡಿಗೆ ಫೀಸು, ಪುಸ್ತಕ, ಟೀಚರ್ ದುಡ್ಡು, ಮಂಗಳೂರಿಗೆ ಹೋಗಿ ಬರುವ ಖರ್ಚು. ಸರ್ಟಿಫಿಕೇಟ್ ನೋಡಿ ಯಾರೂ ಸ್ಟೇಜಿಗೆ ಕರೆಯಲಿಲ್ಲ.

ಎ.ಆರ್. ರೆಹಮಾನ್ ಹೆಸರು ಯಾರೂ ಹೇಳಬೇಡಿ. ಅವರ ಅಪ್ಪ ಆರ್.ಕೆ. ಶೇಖರ್ ಮಲಯಾಳಂ ಸಿನಿಮಾದ ಸಂಗೀತದವರು. 1976ರಲ್ಲಿ ಅವರು ತೀರಿದ ಮೇಲೆ ಮನೆಯಲ್ಲಿದ್ದ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ನಡೆಯಿತು. ಬಾಡಿಗೆಗೆ ಕೇಳುವ ಸ್ಟುಡಿಯೋಗಳು ಚೆನ್ನೈಯಲ್ಲಿದ್ದವು. ಬದಿಯಡ್ಕದಲ್ಲಿ ಎಲ್ಲಿವೆ? ಮೇಲಾಗಿ ಈಗ ಎಲ್ಲ ಕಡೆ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿದ ವಾದ್ಯದ ಹಿನ್ನೆಲೆ. ಪೆನ್‌ಡ್ರೈವ್ ಹಾಕಿ ಹಾಡುತ್ತಾರೆ. ಸೌಂಡಿನವರೇ ನಮ್ಮ ಹೊಟ್ಟೆಗೆ ಹೊಡೆದದ್ದು.

ಮಂಜೇಶ್ವರ ಸೌಂಡ್: ಅಲ್ಲಿ ನಿಲ್ಲಿ ಅಣ್ಣ. ಟ್ರ್ಯಾಕ್ ಕೇಳುವುದು ಮದುವೆ ಮನೆಯವರು, ನಾವಲ್ಲ. ಕೀಬೋರ್ಡಿನವರು ಹತ್ತು ಗಂಟೆ ಅಂದರೆ ಹನ್ನೊಂದಕ್ಕೆ ಬರುತ್ತಾರೆ. ಡಿಐ ಬಾಕ್ಸ್ ತರುವುದಿಲ್ಲ. ಎಲ್ಲ ಸ್ಪೀಕರಿನಿಂದ ಗುಂಯ್ ಅನ್ನುತ್ತದೆ. ಮೂಲೆಯ ಪ್ಲಗ್ಗಿನಿಂದ ಕರೆಂಟ್ ಎಳೆಯುತ್ತಾರೆ, ಮಿಕ್ಸರ್ ಬೇರೆ ಲೈನಿನಲ್ಲಿ. ಗುಂಯ್ ಅನ್ನದೆ ಇನ್ನೇನಾಗುತ್ತದೆ? ಬೈಸಿಕೊಳ್ಳುವುದು ಮಾತ್ರ ನಾವು. ಎರಡು ಬಾಸ್ ಬಾಕ್ಸ್ ಹೊಸದಾಗಿ ಹಾಕಿದೆ, ಅದರ ಕಂತು ಈಗಲೂ ಕಟ್ಟುತ್ತಿದ್ದೇನೆ. ಗಾಯಕರು ಟ್ರ್ಯಾಕ್ ತಂದರೆ ನಾನು ಬೇಡ ಅನ್ನಲಾ?

ಕುಂಬಳೆಯವ: ಟ್ರ್ಯಾಕಿನಲ್ಲಿ ಗಾಯಕನ ಶ್ರುತಿಗೆ ಬೇಕಾದ ಹಾಗೆ ಕೂಡಲೇ ಇಳಿಸಲು ಆಗುತ್ತದಾ? ಗಂಟಲು ಕಟ್ಟಿದಾಗ ಐದೂವರೆ ಕಟ್ಟೆ ಶ್ರುತಿಯಿಂದ ಐದಕ್ಕೆ ತರುವುದು ನಮ್ಮ ಬೆರಳು.

ಮಂಜೇಶ್ವರ ಸೌಂಡ್: ನಿಮ್ಮ ಬೆರಳಲ್ಲ, ಟ್ರಾನ್ಸ್‌ಪೋಸ್ ಬಟನ್. ಮೊಬೈಲ್ ಆಪಿನಲ್ಲಿ ಟ್ರ್ಯಾಕಿನ ಶ್ರುತಿಯೂ ಇಳಿಯುತ್ತದೆ. ಅಂದ ಹಾಗೆ ಹೊಸಂಗಡಿ ಕಾರ್ಯಕ್ರಮದಲ್ಲಿ ನಿಮಗೆ ಕೇಳಲು ಸ್ಟೇಜಿನಲ್ಲಿಟ್ಟ ಮಾನಿಟರ್ ಸ್ಪೀಕರಿನ ಬಾಡಿಗೆ ನಿಮ್ಮ ತಂಡದಿಂದ ಇನ್ನೂ ಬಂದಿಲ್ಲ.

ಬೇಳದ ಕ್ವಾಯರ್: ನೀವು ಗಂಡಸರು ಸ್ಟೇಜು ಬಿಟ್ಟು ಬೇರೆ ಏನೂ ನೋಡುವುದಿಲ್ಲ. ನನ್ನ ಅಪ್ಪ ಬೇಳದ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದರು, ಈಗ ನಾನು ನುಡಿಸುತ್ತೇನೆ. ಅದಕ್ಕೆ ದುಡ್ಡಿಲ್ಲ, ನಾನು ಕೇಳುವುದೂ ಇಲ್ಲ. ಊಟ ಹಾಕುವುದು ಪಾಠ. ಮನೆಯಲ್ಲಿ ಒಂದು ಯಮಹಾ ಪಿಎಸ್‌ಆರ್ ಐ500, ಒಂದು ಹಳೆ ಕ್ಯಾಸಿಯೋ. ಒಂದು ಮಗುವಿಗೆ ತಿಂಗಳಿಗೆ 600. ಐ500ರಲ್ಲಿ ತಾನ್‌ಪುರ, ತಬಲಾ ಒಳಗೇ ಇವೆ, ಹಾಗಾಗಿ ಭಜನೆ ಕಲಿಯುವ ಮಕ್ಕಳೂ ಬರುತ್ತಾರೆ. ಪರೀಕ್ಷೆ ತಿಂಗಳಲ್ಲಿ ಅರ್ಧ ಮಕ್ಕಳು ಮಾಯ. ಹಳೇದರೊಳಗೆ ಇರುವೆ ಗೂಡು ಕಟ್ಟಿತ್ತು, ಬಿಚ್ಚಿದರೆ ಬಿಳಿ ಮೊಟ್ಟೆ ಬೋರ್ಡಿನ ಮೇಲೆ ಅಕ್ಕಿ ಚೆಲ್ಲಿದಂತೆ. ಕ್ಲೀನ್ ಮಾಡಿಸಿದ್ದು 700. ಗ್ರೇಡ್ ಪರೀಕ್ಷೆ ದಂಡ ಅಂದರಲ್ಲ ಉಪ್ಪಳದವರು, ನನ್ನ ಹತ್ತಿರ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಮೊದಲು ಕೇಳುವುದೇ ಗ್ರೇಡ್.

ಉಪ್ಪಳದಿಂದ ಬೆಂಗಳೂರಿಗೆ: ಪಾಠ ಹೇಳುವುದಕ್ಕೆ ಇರಬಹುದು. ಅವನು ನುಡಿಸಬೇಕು ಅನ್ನುತ್ತಿದ್ದಾನೆ. ಎರಡೂ ಒಂದೇ ಅಲ್ಲ.

ಬೇಳದ ಕ್ವಾಯರ್: ಪಾಠ ಹೇಳುವವರು ನುಡಿಸುವವರಲ್ಲವಾ? ಹತ್ತು ಜನ ಹಾಡುವಾಗ ಒಬ್ಬರು ಶ್ರುತಿ ಬಿಟ್ಟರೂ ಎತ್ತಿ ಹಿಡಿಯುವುದು ನನ್ನ ಕೈ. ಬ್ಯಾಂಕ್ ಕೆಲಸದಲ್ಲಿ ಕೂತು ನಮಗೆ ಅಳತೆ ಹಾಕಬೇಡಿ.

ಬದಿಯಡ್ಕದ ಅಕ್ಕ: ಎಲ್ಲರಿಗೂ ಧನ್ಯವಾದ, ಆದರೆ ಡಿಗ್ರಿ ಮತ್ತು ಸಾಲದ ವಿಷಯ? ಇನ್ನೊಂದು, ಮನೆಯಲ್ಲಿ ಅಪ್ಪನ ಹಾರ್ಮೋನಿಯಂ ಜೊತೆ ಅವನ ಕೀಬೋರ್ಡ್ ಸೇರುವುದಿಲ್ಲ. ಅಪ್ಪ ಅದಕ್ಕೂ ಕೀಬೋರ್ಡನ್ನೇ ಬೈಯುತ್ತಾರೆ.

ಬೇಳದ ಕ್ವಾಯರ್: ಹಳೆ ಹಾರ್ಮೋನಿಯಂ ರೀಡುಗಳು ಕೀಬೋರ್ಡಿನ 440 ಹರ್ಟ್ಜ್ ಶ್ರುತಿಗೆ ಸರಿಯಾಗಿ ಇರುವುದು ಕಡಿಮೆ. ಕೀಬೋರ್ಡಿನ ಫಂಕ್ಷನ್ ಬಟನ್ ಒತ್ತಿ ಟ್ಯೂನಿಂಗ್‌ಗೆ ಹೋಗಲಿ. ಅಪ್ಪ ಒಂದೇ ಸ್ವರ ಹಿಡಿದಿರಲಿ, ಇವನು ಸ್ವಲ್ಪ ಸ್ವಲ್ಪವೇ ಏರಿಸಿಯೋ ಇಳಿಸಿಯೋ ನೋಡಲಿ. ಎರಡೂ ಸೇರುವಾಗ ಬರುವ ಅಲೆ ನಿಧಾನ ಆಗುತ್ತಾ ನಿಲ್ಲುತ್ತದೆ. ಅಲ್ಲಿಗೆ ಬಿಡಲಿ. ಡಿಗ್ರಿ ಇನ್ನೊಂದು ವರ್ಷ ಅಲ್ವಾ, ಮುಗಿಸಲಿ. ಮಂಗಳೂರಿನಲ್ಲೇ ಇದ್ದಾನೆ, ಕಾರ್ಯಕ್ರಮ ಜಾಸ್ತಿ ಇರುವುದೂ ಅಲ್ಲೇ.

ಕುಂಬಳೆಯವ: ಬಡ್ಡಿ ಸಾಲ ಬೇಡ ಅಕ್ಕಾ. ಬಳೆ ಬಿಡಿಸಿಕೊಳ್ಳಲು ನಾನು ಪಟ್ಟ ಪಾಡು ಸಾಕು. ಸೆಕೆಂಡ್ ಹ್ಯಾಂಡ್ ನೋಡುವುದಿದ್ದರೆ ಎಲ್ಲ 61 ಕೀ ಮೆಲ್ಲ ಒಮ್ಮೆ, ಜೋರು ಒಮ್ಮೆ ಒತ್ತಿ ನೋಡಿಯೇ ದುಡ್ಡು ಕೊಡಿ. ಮಂಜೇಶ್ವರದವರೇ, ಹೊಸಂಗಡಿಯಲ್ಲಿ ನಿಮ್ಮ ಮಾನಿಟರ್ ಅರ್ಧದಲ್ಲೇ ನಿಂತಿತ್ತು. ನಿಂತ ಮಾನಿಟರಿಗೆ ಎಂಥ ಬಾಡಿಗೆ?

ಮಂಜೇಶ್ವರ ಸೌಂಡ್: ನಿಂತದ್ದು ನಿಮ್ಮವರು ವೈರ್ ತುಳಿದು ಕಿತ್ತದ್ದಕ್ಕೆ. ಆ ಕೇಬಲ್ಲಿನ 450 ಕೂಡ ಸೇರಿಸಿ ಕಳಿಸಿ.