ಅಪ್‌ಡೇಟ್: ತಮ್ಮನಿಗೆ ಪುಣೆಯಲ್ಲಿ ವಸತಿ ಕೇಂದ್ರ ಸಿಕ್ಕಿತು

ಆಟಿಸಂ ಇರುವ ನನ್ನ ತಮ್ಮನಿಗೆ ಪುಣೆಯಲ್ಲಿ ಒಳ್ಳೆಯ ವಸತಿ ಕೇಂದ್ರ ಗುರುತಿಸೋದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಊಟದ ಹೊತ್ತಿಗೆ ಹೇಳದೆ ಹೋಗಿ ನೋಡಿ ಅಂದಿದ್ದಿರಲ್ಲ, ಅದೇ ಕೆಲಸಕ್ಕೆ ಬಂತು. ಒಂದು ಕಡೆ ನೆಲ ಫಳಫಳ ಹೊಳೆಯುತ್ತಿತ್ತು. ಆದರೆ ತಾವೇ ತಿನ್ನಬಲ್ಲ ದೊಡ್ಡ ಹುಡುಗರನ್ನೂ ಸಾಲಾಗಿ ಕೂರಿಸಿ, ಬೇಗ ಮುಗಿಯಲಿ ಅಂತ ಒಂದೇ ಚಮಚದಲ್ಲಿ ಎಲ್ಲರಿಗೂ ತಿನ್ನಿಸುತ್ತಿದ್ದರು. ಹೊಟ್ಟೆ ಉರಿದುಹೋಯಿತು.

ಈಗಿನ ಜಾಗ ಹಳೆಯದು, ಗೋಡೆಯ ಬಣ್ಣ ಮಾಸಿದೆ. ಆದರೆ ತಮ್ಮನ ಮಂಚದ ಪಕ್ಕ ಅವನ ದಿನಚರಿ ಚಿತ್ರಗಳಲ್ಲಿದೆ: ಬ್ರಶ್, ಚಹಾ, ಸ್ನಾನ, ತೋಟ. ಕುಕ್ಕರ್ ಸೀಟಿ ಅವನಿಗೆ ಆಗಲ್ಲ, ಆ ಹೊತ್ತಿಗೆ ತೋಟಕ್ಕೆ ಕರೆದೊಯ್ಯುತ್ತಾರೆ. ಅವನನ್ನು ನೋಡಿಕೊಳ್ಳುವ ಮರಾಠಿ ಮಾವಶಿ (ಆಯಾ) ಅವನ ನಾಲ್ಕಾರು ಕನ್ನಡ ಮಾತು ಬರೆದಿಟ್ಟುಕೊಂಡಿದ್ದಾರೆ. ರಾತ್ರಿ ಪಾಳಿಯವರೂ ಹಳಬರೇ. ಇದನ್ನು ಕೇಳಲೇಬೇಕು. ಮುಖಗಳು ಪದೇಪದೇ ಬದಲಾದರೆ ಆಟಿಸಂ ಇರುವವರಿಗೆ ಜಾಸ್ತಿ ಕಷ್ಟ ಅಲ್ವಾ.

ಖಾಸಗಿ ಕೇಂದ್ರಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಇರಬೇಕು, ಪತ್ರ ಕೇಳಿ ನೋಡಿ. 18 ವರ್ಷ ದಾಟಿದವರಿಗೆ ಕಾನೂನು ಪ್ರಕಾರ ಪೋಷಕರಾಗಲು (ಗಾರ್ಡಿಯನ್) 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ನಮ್ಮದು ಇನ್ನೂ ಬಾಕಿ. ಇಲ್ಲಿ ಯಾರಿಗಾದರೂ ಆಗಿದ್ದರೆ ಎಷ್ಟು ಕಾಲ ಹಿಡಿಯಿತು, ದಯವಿಟ್ಟು ಹೇಳಿ.