ಪೋಸ್ಟ್-ರಾಕ್: ಇಪ್ಪತ್ತು ನಿಮಿಷ ಕಾಯುವಂಥದ್ದು ಅದರಲ್ಲಿ ಏನಿದೆ?

ತುಕ್ಕುತಂತಿ:

ಕಾಲೇಜಿನಲ್ಲಿ ನಾಲ್ಕು ವರ್ಷ ಬ್ಯಾಂಡ್‌ನಲ್ಲಿ ಗಿಟಾರ್ ಬಾರಿಸಿದವನು ನಾನು. ರಾಕ್ ಅಂದ್ರೆ ನನಗೆ ಒಂದು ಗಟ್ಟಿ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು), ಒಬ್ಬ ಹಾಡುಗಾರ, ನಾಲ್ಕು ನಿಮಿಷದಲ್ಲಿ ಮುಗಿಯುವ ಹಾಡು. ಈಗ ಅಕ್ಕನ ಮಗನಿಗೆ ಪೋಸ್ಟ್-ರಾಕ್ ಹುಚ್ಚು ಹಿಡಿದಿದೆ. "ಮಾಮಾ, ಇವನ್ನು ಕೇಳೋವರೆಗೂ ಗಿಟಾರ್ ಬಗ್ಗೆ ನನ್ನ ಹತ್ತಿರ ಮಾತಾಡಬೇಡ" ಅಂತ ನಾಲ್ಕು ಆಲ್ಬಂ ಹೆಸರು ವಾಟ್ಸಾಪ್‌ನಲ್ಲಿ ಕಳಿಸಿದ. ಮೊಗ್ವಾಯ್ ಅವರ 'ಯಂಗ್ ಟೀಮ್' (1997), ಸಿಗುರ್ ರೋಸ್ ಅವರ 'ಔಗೈಟಿಸ್ ಬಿರ್ಯುನ್' (1999), ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್ ಅವರ 'ಲಿಫ್ಟ್ ಯುವರ್ ಸ್ಕಿನ್ನಿ ಫಿಸ್ಟ್ಸ್ ಲೈಕ್ ಆಂಟೆನಾಸ್ ಟು ಹೆವನ್' (2000), ಎಕ್ಸ್‌ಪ್ಲೋಷನ್ಸ್ ಇನ್ ದ ಸ್ಕೈ ಅವರ 'ದಿ ಅರ್ತ್ ಈಸ್ ನಾಟ್ ಎ ಕೋಲ್ಡ್ ಡೆಡ್ ಪ್ಲೇಸ್' (2003). ಹೆಸರು ಓದುವಷ್ಟರಲ್ಲೇ ಅರ್ಧ ಸುಸ್ತು.

ದಿನಾ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಹೋಗಿ ಬರುತ್ತೇನೆ. ಎರಡು ವಾರ ಇವನ್ನೇ ಕೇಳಿದೆ. ನನಗೆ ಕಂಡದ್ದು ಒಂದೇ ಅಚ್ಚು. ಒಬ್ಬ ಮೆಲ್ಲಗೆ ನಾಲ್ಕು ಸ್ವರ ಮೀಟುತ್ತಾನೆ. ಪ್ರತಿಧ್ವನಿ ಕೊಡುವ ಡಿಲೇ ಪೆಡಲ್ ಅದನ್ನು ಎಂಟು ಮಾಡುತ್ತದೆ. ಇನ್ನೊಬ್ಬ ಬಂದು ಸೇರುತ್ತಾನೆ. ಡ್ರಮ್ಸ್‌ನವನು ದಬ ದಬ ಅಂತ ಮೆಟ್ಟಿಲು ಹತ್ತುತ್ತಾನೆ. ಆಮೇಲೆ ಎಲ್ಲರೂ ಒಟ್ಟಿಗೆ, ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ತುಳಿಯುತ್ತಾರೆ. ಮತ್ತೆ ತಣ್ಣಗೆ. ಮುಂದಿನ ಟ್ರ್ಯಾಕ್, ಮತ್ತೆ ಅದೇ. ಗುನುಗಲಿಕ್ಕೆ ಒಂದು ಸಾಲಿಲ್ಲ.

ಒಂದು ಪ್ರಸಂಗ ಹೇಳಿಬಿಡುತ್ತೇನೆ. 'ಯಂಗ್ ಟೀಮ್'ನ ಎರಡನೇ ಟ್ರ್ಯಾಕ್ 'ಲೈಕ್ ಹೆರಡ್'. ಮೆಜೆಸ್ಟಿಕ್ ದಾಟಿ ಸುರಂಗದೊಳಗೆ ಹೋಗುತ್ತಿದ್ದೆವು. ಏನೂ ಕೇಳಿಸುತ್ತಿಲ್ಲ. ಹಾಡು ನಿಂತೇ ಹೋಯಿತೇನೋ ಅಂತ ಸೌಂಡ್ ಜಾಸ್ತಿ ಮಾಡುತ್ತಾ ಹೋದೆ. ಪೂರ್ತಿ ಏರಿಸಿಟ್ಟಿದ್ದೇನೆ, ಮೂರು ನಿಮಿಷದ ಹತ್ತಿರ ಬಂತು ನೋಡಿ, ಸೂಚನೆಯೇ ಇಲ್ಲದೆ ಗಿಟಾರುಗಳೆಲ್ಲ ಒಟ್ಟಿಗೆ ಸಿಡಿದವು! ಕೂತಲ್ಲೇ ಹಾರಿಬಿದ್ದೆ. ಪಕ್ಕದ ಅಜ್ಜಿ "ಏನಾಯ್ತಪ್ಪಾ?" ಅಂತ ನೀರಿನ ಬಾಟಲಿ ಕೊಟ್ಟರು.

ನಿಜವಾಗಿ ಕೇಳುತ್ತಿದ್ದೇನೆ, ಜಗಳಕ್ಕಲ್ಲ. ಇದರಲ್ಲಿ ನಿಮಗೆ ಏನು ಸಿಗುತ್ತದೆ? ಕೇಳುವ ರೀತಿಯಲ್ಲಿ ನಾನೇನಾದರೂ ತಪ್ಪುತ್ತಿದ್ದೇನಾ?

ಸೌಂಡ್‌ಚೆಕ್ ಶಿವ:

ಅಣ್ಣಾ, ತಪ್ಪು ನಿಮ್ಮದಲ್ಲ, ಮೆಟ್ರೋದ್ದು.

ನಾಟಕ, ಮದುವೆ ಅಂತ ಮಿಕ್ಸರ್ ಹಿಂದೆ ನಿಂತು ಹದಿನೈದು ವರ್ಷ ಆಯಿತು. ಈಗಿನ ಸಿನಿಮಾ ಹಾಡುಗಳನ್ನು ಕಂಪ್ರೆಸ್ ಮಾಡಿ ಮಾಡಿ, ಪಿಸುಮಾತನ್ನೂ ಕಿರುಚಾಟವನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಅದಕ್ಕೇ ಅವು ಬಸ್ಸಲ್ಲೂ ಚೆನ್ನಾಗಿ ಕೇಳಿಸುತ್ತವೆ. ನೀವು ಹೇಳಿದ ಹಾಡಿನಲ್ಲಿ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ಇರುವ ದೂರವೇ ಇಡೀ ಸಂಗತಿ. ಆ ಸಣ್ಣ ಸದ್ದನ್ನು ಸುರಂಗ ನುಂಗಿಬಿಟ್ಟರೆ ನಿಮಗೆ ಉಳಿಯುವುದು ಬರೀ ಪಟಾಕಿ.

ಒಂದು ಕೆಲಸ ಮಾಡಿ. ರಾತ್ರಿ ಹತ್ತರ ಮೇಲೆ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ, ಫ್ಯಾನ್ ಆಫ್ ಮಾಡಿ. ಜೋರು ಬರುವ ಜಾಗವನ್ನು ಮೊದಲು ಹಾಕಿ, ಅದು ಕಿವಿಗೆ ಹಿತವಾಗುವಷ್ಟಕ್ಕೆ ವಾಲ್ಯೂಮ್ ಇಡಿ. ಆಮೇಲೆ ಮೊದಲಿನಿಂದ ಹಾಕಿ, ಮುಟ್ಟಬೇಡಿ. ಸಣ್ಣ ಭಾಗದಲ್ಲಿ ಕಿವಿ ತಾನಾಗಿಯೇ ಚಾಚಿಕೊಳ್ಳುತ್ತದೆ.

ಉಪ್ಪಿಲ್ಲದ ಸಾರು:

ಫ್ಯಾನ್ ಆಫ್ ಮಾಡಿ ಕೇಳಬೇಕಾದ ಸಂಗೀತ ನನಗೆ ಬೇಡ. 😀 ಕೇಳುಗನೇ ತಪಸ್ಸು ಮಾಡಬೇಕು ಅಂದ್ರೆ ಬಾರಿಸುವವರು ಏನು ಮಾಡುತ್ತಾರೆ?

ತುಕ್ಕುತಂತಿ ಹೇಳಿದ್ದು ಸರಿಯಾಗಿಯೇ ಇದೆ. ಎಕ್ಸ್‌ಪ್ಲೋಷನ್ಸ್‌ನವರು ಟೆಕ್ಸಾಸ್‌ನವರು. 2004ರಲ್ಲಿ 'ಫ್ರೈಡೇ ನೈಟ್ ಲೈಟ್ಸ್' ಅನ್ನುವ ಫುಟ್‌ಬಾಲ್ ಸಿನಿಮಾಕ್ಕೆ ಸಂಗೀತ ಕೊಟ್ಟರು. ಅಲ್ಲಿಂದಾಚೆಗೆ ಆ ಮಿಣುಕು ಗಿಟಾರ್ ಕೇಳಿಸದ ಕಾರಿನ ಜಾಹೀರಾತಿಲ್ಲ, ಡ್ರೋನ್ ವಿಡಿಯೋ ಇಲ್ಲ. "ಈಗ ನೀವು ಭಾವುಕರಾಗಿ" ಅಂತ ಬೋರ್ಡ್ ಹಿಡಿದ ಹಾಗೆ.

ಹಳೇ ಡೆಕ್:

ಒಂದು ಬಗೆಯನ್ನು ಹಿಡಿದು ಇಡೀ ಮನೆತನವನ್ನು ಬೈಯುತ್ತಿದ್ದೀರಿ. ಮೆಲ್ಲಗೆ ಶುರುವಾಗಿ ಸಿಡಿಯುವುದು ಈ ಸಂಗೀತದ ಒಂದು ಕವಲು ಮಾತ್ರ. ಅದೂ ಹುಟ್ಟಿದಾಗ ಇದ್ದದ್ದಲ್ಲ.

ಪೋಸ್ಟ್-ರಾಕ್ ಅನ್ನುವ ಮಾತು ಚಾಲ್ತಿಗೆ ಬಂದದ್ದು 1994ರಲ್ಲಿ, ಬ್ರಿಟನ್ನಿನ ವಿಮರ್ಶಕ ಸೈಮನ್ ರೆನಾಲ್ಡ್ಸ್ ಬರೆದ ಮೇಲೆ. ಅವರು ಹೇಳಿದ್ದರ ತಿರುಳು ಇಷ್ಟು: ವಾದ್ಯಗಳು ರಾಕ್‌ನವೇ, ಕೆಲಸ ಮಾತ್ರ ರಾಕ್‌ನದಲ್ಲ. ಗಿಟಾರ್ ಇರುವುದು ರಿಫ್ ಹೊಡೆಯಲಿಕ್ಕಲ್ಲ, ನಾದದ ಬಣ್ಣಕ್ಕೆ. ಇದರಲ್ಲಿ ಸಿಡಿಯುವ ಮಾತೇ ಇಲ್ಲ ನೋಡಿ.

ಷಿಕಾಗೋದ ಟಾರ್ಟಸ್ ತಂಡ ಕೇಳಿ. 1996ರ ಆಲ್ಬಂನಲ್ಲಿ 'ಜೆಡ್' ಅಂತ ಇಪ್ಪತ್ತು ನಿಮಿಷದ ಟ್ರ್ಯಾಕ್ ಇದೆ. ಎಲ್ಲೂ ಕಿರುಚುವುದಿಲ್ಲ. ಬಾಸ್ ಗಿಟಾರ್, ಕೋಲಿನಿಂದ ಬಾರಿಸುವ ಮರಿಂಬಾ, ವೈಬ್ರಾಫೋನ್ ಸುತ್ತುತ್ತಾ ಇರುತ್ತವೆ. ನಡುವೆ ಒಂದು ಕಡೆ ಟೇಪ್ ಹರಿದ ಹಾಗೆ ಸದ್ದು ತುಂಡಾಗುತ್ತದೆ. ಮೊದಲ ಸಲ ನಾನು ಎದ್ದು ಸಿಡಿ ತೆಗೆದು ಬನಿಯನ್‌ನಲ್ಲಿ ಒರೆಸಿ ಮತ್ತೆ ಹಾಕಿದ್ದೆ. ಅವರು ಬೇಕಂತಲೇ ಹಾಗೆ ಮಾಡಿದ್ದು!

ಇನ್ನೂ ಹಿಂದಕ್ಕೆ ಹೋದರೆ ಟಾಕ್ ಟಾಕ್ ತಂಡ. ಎಂಬತ್ತರ ದಶಕದ ಆರಂಭದಲ್ಲಿ ಸಿಂಥಸೈಜರ್ ಬಾರಿಸಿ ಹಿಟ್ ಕೊಟ್ಟವರು. ಅದೇ ಮಂದಿ 1988ರಲ್ಲಿ 'ಸ್ಪಿರಿಟ್ ಆಫ್ ಈಡನ್' ಮಾಡಲು ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಕತ್ತಲಲ್ಲಿ ಕೂತರು. ಒಬ್ಬೊಬ್ಬರೇ ವಾದ್ಯಗಾರರನ್ನು ಕರೆಸಿ, ತೋಚಿದ್ದು ನುಡಿಸಿ ಅಂದರು. ಅದರಲ್ಲಿ ಬಹುಪಾಲು ಅಳಿಸಿ ಹಾಕಿದರು. ಗಂಟೆಗಟ್ಟಲೆ ನುಡಿಸಿದವನದ್ದು ಉಳಿದದ್ದು ಒಂದೆರಡು ಸ್ವರ. ಸೂತ್ರ ಹಿಡಿದು ಹೊರಟವರು ಇಂಥ ಕೆಲಸ ಮಾಡುತ್ತಾರಾ?

ಎಕ್ಸ್‌ಪ್ಲೋಷನ್ಸ್ ಬಗ್ಗೆ ಮಾತ್ರ ಸಾರಿನವರ ಮಾತು ಒಪ್ಪುತ್ತೇನೆ. ಒಂದು ಆಲ್ಬಂ ಸಾಕು.

ಮಾಳಮಡ್ಡಿ:

ಧಾರವಾಡದಿಂದ ಬರೆಯುತ್ತಿದ್ದೇನೆ. ಮಗಳ ದೆಸೆಯಿಂದ ನಾನೂ ಇವನ್ನೆಲ್ಲ ಕೇಳಿದವಳು. ಅವಳ ಗೆಳೆಯರು "ಇದು ನಿಮ್ಮ ಹಿಂದೂಸ್ತಾನಿ ವಿಲಂಬಿತ್ ಖಯಾಲ್ ಇದ್ದ ಹಾಗೆ ಆಂಟಿ, ನಿಧಾನಕ್ಕೆ ಬೆಳೀತದ" ಅಂತಾರೆ. ಅದನ್ನು ಮಾತ್ರ ನಾ ಒಪ್ಪಂಗಿಲ್ರಿ. ಖಯಾಲಿನಲ್ಲಿ ಬೆಳೆಯುವುದು ರಾಗ. ಒಂದೊಂದೇ ಸ್ವರದ ಬಾಗಿಲು ತೆರೆಯುತ್ತಾ ಹೋಗುತ್ತಾರೆ. ಲಯ ಏರುತ್ತದೆ, ಗದ್ದಲ ಏರಬೇಕು ಅಂತಿಲ್ಲ. ಇವರದರಲ್ಲಿ ಅದೇ ನಾಲ್ಕು ಕಾರ್ಡ್ (ಸ್ವರಗುಚ್ಛ) ಕಡೆತನಕ. ಬದಲಾಗುವುದು ಸದ್ದಿನ ದಪ್ಪ. ಎರಡೂ ನಿಧಾನ ಅಂದಮಾತ್ರಕ್ಕೆ ಒಂದೇ ಆಗುತ್ತದೇನು? ಎತ್ತಿನ ಗಾಡಿನೂ ನಿಧಾನ, ತೇರೂ ನಿಧಾನ.

ಆದರೆ ಸಿಗುರ್ ರೋಸ್ ನನ್ನನ್ನು ಹಿಡಿದು ಕೂರಿಸಿತು. ಐಸ್‌ಲ್ಯಾಂಡಿನವರು. ಆ ಹುಡುಗ ಯೋನ್ಸಿ ಚೆಲ್ಲೋದ ಕಮಾನಿನಿಂದ ಗಿಟಾರ್ ಉಜ್ಜುತ್ತಾನೆ. ಸಾರಂಗಿಗೆ ಮಂಜು ಕವಿದ ಹಾಗೆ ಇರುತ್ತದೆ. 2002ರ ಆಲ್ಬಂಗೆ ಹೆಸರೇ ಇಲ್ಲ, ಬರೀ ಎರಡು ಕಂಸ. ಹಾಡುಗಳಿಗೂ ಹೆಸರಿರಲಿಲ್ಲ. ಹಾಡಿದ್ದು ಯಾವ ಭಾಷೆಯೂ ಅಲ್ಲ, ಅರ್ಥವಿಲ್ಲದ ಅಕ್ಷರಗಳು. ಜೊತೆಗೆ ಬಂದ ಪುಸ್ತಿಕೆಯ ಹಾಳೆಗಳೂ ಖಾಲಿ, ಕೇಳಿದವರೇ ಏನಾದರೂ ಬರೆದುಕೊಳ್ಳಲಿ ಅಂತ. ಸಾಹಿತ್ಯವಿಲ್ಲ ಅಂತ ನೀವು ದೂರುತ್ತೀರಲ್ಲ, ತರಾನಾದ "ತೋಂ ತನನ"ಕ್ಕೆ ಯಾರಾದರೂ ಅರ್ಥ ಕೇಳುತ್ತಾರಾ?

ಹಳೇ ಡೆಕ್:

ತೇರು-ಗಾಡಿ ಮಾತು ಎತ್ತಿಟ್ಟುಕೊಂಡೆ ಮೇಡಂ. ಇನ್ನೊಂದು ಕಡೆ ಹೇಳುವಾಗ ನಿಮ್ಮ ಹೆಸರು ಹೇಳುತ್ತೇನೆ.

ಉಪ್ಪಿಲ್ಲದ ಸಾರು:

ತರಾನಾ ಹತ್ತು ನಿಮಿಷದೊಳಗೆ ಮುಗಿಯುತ್ತೆ ಮೇಡಂ, ಕೊನೆಯಲ್ಲಿ ಮೈ ಜುಮ್ ಅನ್ನುತ್ತೆ. ಇಲ್ಲಿ ಜುಮ್ ಅನ್ನೋದು ಕಾಲು, ಕೂತು ಕೂತು.

ಸೌಂಡ್‌ಚೆಕ್ ಶಿವ:

ಸಾರಣ್ಣ, ಕೇಳುವವರು ಇದ್ದಾರಪ್ಪಾ. ಮೊಗ್ವಾಯ್ ಆಲ್ಬಂ 2021ರಲ್ಲಿ ಬ್ರಿಟನ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಬಂತು. ಗ್ಲ್ಯಾಸ್ಗೋದಲ್ಲಿ 1995ರಲ್ಲಿ ಶುರುವಾದ ತಂಡ ಅದು. ನಮ್ಮಲ್ಲೂ ಅಹಮದಾಬಾದಿನ ಹುಡುಗರ 'ಆಸ್‌ವಿಕೀಪ್‌ಸರ್ಚಿಂಗ್' ತಂಡ ಇದೆ, ಹಿಂದಿಯಲ್ಲಿ ಹಾಡುತ್ತಾರೆ. ಗುನುಗಲಿಕ್ಕೆ ಸಾಲು ಬೇಕು ಅಂದವರಿಗೆ 2017ರ 'ಝಿಯಾ' ಆಗಬಹುದು.

ತುಕ್ಕುತಂತಿ:

ಎಲ್ಲರಿಗೂ ಥ್ಯಾಂಕ್ಸ್. ವರದಿ ಒಪ್ಪಿಸುತ್ತಿದ್ದೇನೆ.

ಶನಿವಾರ ರಾತ್ರಿ ಹನ್ನೊಂದಕ್ಕೆ ಶಿವ ಹೇಳಿದ ಹಾಗೆಯೇ ಕೂತೆ. ಗಾಡ್‌ಸ್ಪೀಡ್ ಆಲ್ಬಂ. ನಾಲ್ಕೇ ಟ್ರ್ಯಾಕ್, ಒಟ್ಟು ಒಂದೂವರೆ ಗಂಟೆಗೆ ಸ್ವಲ್ಪ ಕಡಿಮೆ. ಮೂರನೆಯದು 'ಸ್ಲೀಪ್'. ಶುರುವಿನಲ್ಲಿ ಒಬ್ಬ ಮುದುಕ ಮಾತಾಡುತ್ತಾನೆ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಹಿಂದೆ ಹೇಗಿತ್ತು, ಜನ ರಾತ್ರಿಯೆಲ್ಲ ಅಲ್ಲೇ ಸಮುದ್ರದ ದಂಡೆ ಮೇಲೆ ಮಲಗುತ್ತಿದ್ದರು, ಈಗ ಯಾರೂ ಮಲಗುವುದಿಲ್ಲ ಅಂತ. ಅಷ್ಟೇ ಮಾತು. ಮೆಟ್ರೋದಲ್ಲಿ ಈ ಭಾಗ "ಮುಂದಿನ ನಿಲ್ದಾಣ" ಅನ್ನುವುದರ ಅಡಿಯಲ್ಲಿ ಹೋಗಿಬಿಟ್ಟಿತ್ತು. ಅಲ್ಲೊಬ್ಬ ಮನುಷ್ಯ ಇದ್ದಾನೆ ಅಂತಲೇ ನನಗೆ ಗೊತ್ತಿರಲಿಲ್ಲ. ಆಮೇಲೆ ಬರುವ ಗಿಟಾರ್ ಅದೇ, ನಾನು ಬೈದದ್ದೇ. ಆದರೆ ಈ ಸಲ ಅದು ಏರುವಾಗ ನನ್ನ ತಲೆಯಲ್ಲಿ ಆ ದಂಡೆ ಇತ್ತು. ಬೇಸಿಗೆಯಲ್ಲಿ ನಾವೆಲ್ಲ ಅಜ್ಜನ ಮನೆ ಮಾಳಿಗೆ ಮೇಲೆ ಸಾಲಾಗಿ ಮಲಗುತ್ತಿದ್ದದ್ದೂ ಇತ್ತು. ಇನ್ನು ಹೆಚ್ಚು ಹೇಳುವುದಿಲ್ಲ, ಸಾರಣ್ಣ ನಗುತ್ತಾರೆ.

ಭಾನುವಾರ ಮಂಚದ ಕೆಳಗಿದ್ದ ಗಿಟಾರ್ ತೆಗೆದು ಎಕ್ಸ್‌ಪ್ಲೋಷನ್ಸ್‌ನವರದ್ದು ಒಂದನ್ನು ಬಾರಿಸಲು ಹೋದೆ. ಸ್ವರ ಸಲೀಸು, ಹತ್ತು ನಿಮಿಷದಲ್ಲಿ ಕೈಗೆ ಬಂತು. ಕಷ್ಟ ಇರೋದು ಬೇರೆ ಕಡೆ. ಐದಾರು ನಿಮಿಷ ಒಂದೇ ಹದದಲ್ಲಿ, ಮುಂಗೈ ಬಿಗಿಯದೆ ತಂತಿ ಉಜ್ಜುತ್ತಲೇ ಇರಬೇಕು. ಜೋರು ಮಾಡುವ ಹಾಗಿಲ್ಲ. ಎರಡನೇ ನಿಮಿಷಕ್ಕೇ ನನ್ನ ಕಾಲು ಪೆಡಲ್ ಮೇಲೆ ಹೋಗಿತ್ತು. ಅಕ್ಕನ ಮಗ ಪಕ್ಕದಲ್ಲೇ ಕೂತು "ಇನ್ನೂ ಇಲ್ಲ, ಇನ್ನೂ ಇಲ್ಲ" ಅನ್ನುತ್ತಿದ್ದ. ಆದರೂ ಆ ಆಲ್ಬಂ ನನಗೆ ಈಗಲೂ ಬೋರೇ. ಕಷ್ಟ ಅನ್ನೋದು ಬೇರೆ, ಚೆನ್ನಾಗಿದೆ ಅನ್ನೋದು ಬೇರೆ, ಅಲ್ವಾ?

ಹಳೇ ಡೆಕ್:

ಹಾಗಾದರೆ ಇನ್ನೊಂದು. ಸ್ಲಿಂಟ್ ಅವರ 'ಸ್ಪೈಡರ್‌ಲ್ಯಾಂಡ್', 1991. ಕಪ್ಪುಬಿಳುಪು ಹೊದಿಕೆ, ನೀರಿನಲ್ಲಿ ನಾಲ್ಕು ತಲೆ ತೇಲುತ್ತಿರುತ್ತವೆ. ಇದರಲ್ಲಿ ಮಾತಿದೆ, ಗಿಟಾರ್ ಒಣಕಲು, ಡಿಲೇ ಮಂಜು ಇಲ್ಲ. ರಿಫ್ ಇಷ್ಟಪಡುವವರಿಗೆ ಹತ್ತಿರವಾದದ್ದು. ಇಂದು ರಾತ್ರಿಯೇ ಕೇಳಿ.

ತುಕ್ಕುತಂತಿ:

ಇಂದು ಆಗೋದಿಲ್ಲ ಸಾರ್. ಶನಿವಾರ ಫ್ಯಾನ್ ಆಫ್ ಮಾಡಿದ್ದಕ್ಕೆ ಮನೆಯವಳು ಎದ್ದು ಬಂದು ಹೆಡ್‌ಫೋನ್ ಎತ್ತಿ "ಕರೆಂಟ್ ಹೋಗಿದೆಯಾ?" ಅಂದಳು. ಒಂದು ಮಳೆ ಬರಲಿ.